ಮಕ್ಕಳ ಕೈಗೆ ಮೊದಲ ಕ್ರೈಸ್ತ ಫ್ಯಾಂಟಸಿ: ನಾರ್ನಿಯಾ ಓದಿಸುವುದು ಹೇಗೆ?

"ಮಗಳಿಗೆ ಒಂಬತ್ತು ವರ್ಷ. ಬೈಬಲ್ ಕಥೆಗಳೆಲ್ಲ ಬಾಯಿಗೆ ಬಂದಿವೆ, ಈಗ ದಪ್ಪ ಪುಸ್ತಕ ಬೇಕು ಅಂತಾಳೆ. ಏನು ಕೊಡೋಣ?" "ನಾರ್ನಿಯಾ ಒಳ್ಳೆಯದು ಅಂತಾರೆ, ಆದರೆ ಅದರಲ್ಲಿ ಮಾಟಗಾತಿ ಇದ್ದಾಳಲ್ಲ?" "ಏಳು ಪುಸ್ತಕಗಳಲ್ಲಿ ಮೊದಲು ಯಾವುದು?" ತಂದೆತಾಯಂದಿರೂ ಸಂಡೇ ಸ್ಕೂಲ್ ಟೀಚರುಗಳೂ ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಮೂರಕ್ಕೂ ಇಲ್ಲಿ ಹಂತ ಹಂತವಾಗಿ ಉತ್ತರ ಕೊಟ್ಟಿದೆ.

ಮೊದಲು ಪದಗಳ ಅರ್ಥ ತಿಳಿದುಕೊಳ್ಳಿ. ಪ್ರಕಾಶಕರು ಮಿಡಲ್ ಗ್ರೇಡ್ ಎಂದು ಕರೆಯುವುದು ಸುಮಾರು 8ರಿಂದ 12 ವರ್ಷದವರ ಪುಸ್ತಕಗಳನ್ನು. ಚಿತ್ರಪುಸ್ತಕ ದಾಟಿದ, ಹದಿಹರೆಯದ ಕಾದಂಬರಿಗೆ ಇನ್ನೂ ಬಾರದ ಮಕ್ಕಳು ಇವರು. ಫ್ಯಾಂಟಸಿ ಎಂದರೆ ನಮ್ಮ ಲೋಕದ ನಿಯಮಕ್ಕೆ ಕಟ್ಟುಬೀಳದ ಇನ್ನೊಂದು ಲೋಕದ ಕಥೆ: ಪ್ರಾಣಿಗಳು ಮಾತಾಡುತ್ತವೆ, ಬಟ್ಟೆ ಬೀರುವಿನ ಹಿಂಬದಿಯಲ್ಲಿ ಹಿಮದ ಕಾಡು ತೆರೆದುಕೊಳ್ಳುತ್ತದೆ. ಆ ಲೋಕದಲ್ಲಿ ಪಾಪ, ಕ್ಷಮೆ, ಬಲಿದಾನ, ಪುನರುತ್ಥಾನ ಇವು ಕಥೆಯ ಬೆನ್ನೆಲುಬಾಗಿದ್ದರೆ ಅದು ಕ್ರೈಸ್ತ ಫ್ಯಾಂಟಸಿ. ಯೇಸುವಿನ ಹೆಸರು ಪುಟಪುಟದಲ್ಲೂ ಬರಬೇಕೆಂದಿಲ್ಲ.

ಈ ಬಗೆಯಲ್ಲಿ ಹೊಸಬರಿಗೆ ಹೇಳಿಮಾಡಿಸಿದ್ದು ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಮಾಲೆ. ಲೂಯಿಸ್ 1898ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲೂ ಆಮೇಲೆ ಕೇಂಬ್ರಿಜ್‌ನಲ್ಲೂ ಇಂಗ್ಲಿಷ್ ಸಾಹಿತ್ಯ ಕಲಿಸಿದವರು. 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಏಳು ಪುಸ್ತಕ ಹೊರಬಂದವು. ಮೊದಲನೆಯದರ ಹೆಸರು "ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್". ಪೀಟರ್, ಸೂಸನ್, ಎಡ್ಮಂಡ್, ಲೂಸಿ ಎಂಬ ನಾಲ್ವರು ಒಡಹುಟ್ಟಿದವರು ಬಟ್ಟೆ ಬೀರುವಿನ ಮೂಲಕ ನಾರ್ನಿಯಾ ಎಂಬ ಲೋಕಕ್ಕೆ ಹೋಗುತ್ತಾರೆ; ಅಲ್ಲಿ ಆಳುತ್ತಿರುವವಳು ಮಾಟಗಾತಿ, ಅವಳಿಗೆ ಎದುರಾಗಿ ಬರುವವನು ಅಸ್ಲಾನ್ ಎಂಬ ಸಿಂಹ. ಈ ಲೇಖನದ ಬಹುಪಾಲು ಆ ಒಂದು ಪುಸ್ತಕದ ಸುತ್ತಲೇ ಇದೆ. ಅದನ್ನು ಸರಿಯಾಗಿ ಓದಿಸಿದರೆ ಉಳಿದ ಆರಕ್ಕೆ ಮಕ್ಕಳೇ ದಾರಿ ಹುಡುಕಿಕೊಳ್ಳುತ್ತಾರೆ.

ಒಂದು ಮಾತು ಮಾತ್ರ ಕೊನೆಯವರೆಗೂ ನೆನಪಿರಲಿ: ಕಥೆ ಮೊದಲು, ಅರ್ಥ ಆಮೇಲೆ. ಒಳ್ಳೆಯ ಮನಸ್ಸಿನ ಹಿರಿಯರು ಈ ಪುಸ್ತಕಗಳನ್ನು ಕೆಡಿಸುವುದು ಒಂದೇ ಕಾರಣಕ್ಕೆ, ಅರ್ಥ ಹೇಳುವ ಅವಸರಕ್ಕೆ.

ಏನೇನು ಬೇಕು?

ಸಂಕ್ಷೇಪಿಸದ ಪೂರ್ತಿ ಪುಸ್ತಕ ಒಂದು. ಕನ್ನಡ ಬೈಬಲ್ ಒಂದು. ಮಗು ಚಿತ್ರ ಬಿಡಿಸಲು ಗೆರೆಯಿಲ್ಲದ ನೋಟ್‌ಬುಕ್. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯಂತೆ ಮೂರೂವರೆ ವಾರ. ಎಲ್ಲಕ್ಕಿಂತ ಮುಖ್ಯವಾಗಿ, ಪುಸ್ತಕವನ್ನು ಮಗುವಿಗಿಂತ ಮುಂಚೆ ಓದಿ ಮುಗಿಸಿರುವ ಹಿರಿಯರೊಬ್ಬರು.

ಹಂತ 1: ಮಗುವಿನ ಓದು ಎಲ್ಲಿದೆ ನೋಡಿ

ಪುಸ್ತಕದ ನಡುವೆ ಯಾವುದಾದರೂ ಒಂದು ಪುಟ ತೆಗೆದು ಮಗುವಿನಿಂದ ಗಟ್ಟಿಯಾಗಿ ಓದಿಸಿ. ಅರ್ಥವಾಗದ ಪದ ಬಂದಾಗಲೆಲ್ಲ ಒಂದೊಂದು ಬೆರಳು ಮಡಚಲಿ. ಪುಟ ಮುಗಿಯುವಾಗ ಒಂದೋ ಎರಡೋ ಬೆರಳು ಮಡಚಿದ್ದರೆ ಒಬ್ಬರೇ ಓದಬಹುದು. ಮೂರು ನಾಲ್ಕಾದರೆ ನೀವು ಜೊತೆಗಿರಬೇಕು. ಐದೂ ಮಡಚಿದರೆ ಓದುವ ಕೆಲಸ ನಿಮ್ಮದು, ಕೇಳುವ ಕೆಲಸ ಮಗುವಿನದು.

ಐದು ಬೆರಳು ಮಡಚಿತೆಂದು ಪುಸ್ತಕವನ್ನು ಕಪಾಟಿಗೆ ಸೇರಿಸಬೇಡಿ. ಕಿವಿಯಿಂದ ಕಥೆ ಹಿಡಿಯುವ ಶಕ್ತಿ ಕಣ್ಣಿನಿಂದ ಓದುವ ಶಕ್ತಿಗಿಂತ ಎರಡು ಮೂರು ವರ್ಷ ಮುಂದಿರುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಇಂಗ್ಲಿಷಿನಲ್ಲಿ ಒಬ್ಬರೇ ಓದಲಾರದ ಎಂಟು ವರ್ಷದ ಮಗು ಇದೇ ಪುಸ್ತಕವನ್ನು ಕೇಳಿ ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಏಳು ವರ್ಷಕ್ಕಿಂತ ಚಿಕ್ಕವರಿಗೆ ಮಾತ್ರ ಕಾಯಿರಿ. ಕಾರಣ ಆರನೇ ಹಂತದಲ್ಲಿದೆ.

ಹಂತ 2: ಯಾವುದು ಮೊದಲು, ಯಾವ ಪ್ರತಿ?

ಇಲ್ಲಿ ಬಹಳ ಜನ ಎಡವುತ್ತಾರೆ. ಈಗ ಅಂಗಡಿಯಲ್ಲಿ ಸಿಗುವ ಸೆಟ್ಟುಗಳಲ್ಲಿ 1 ಎಂಬ ಸಂಖ್ಯೆ ಇರುವುದು "ದಿ ಮ್ಯಾಜಿಷಿಯನ್ಸ್ ನೆಫ್ಯೂ" ಮೇಲೆ. ಅದು 1955ರಲ್ಲಿ ಬಂದ ಆರನೆಯ ಪುಸ್ತಕ. ನಾರ್ನಿಯಾ ಹುಟ್ಟಿದ ಕಥೆ ಅದರಲ್ಲಿರುವುದರಿಂದ, ಕಥೆಯ ಕಾಲಾನುಕ್ರಮ ಹಿಡಿದು ಪ್ರಕಾಶಕರು ಅದನ್ನು ಮುಂದಕ್ಕೆ ತಂದರು. 1957ರಲ್ಲಿ ಒಬ್ಬ ಹುಡುಗನಿಗೆ ಬರೆದ ಪತ್ರದಲ್ಲಿ ಲೂಯಿಸ್ ಕೂಡ ಆ ಕ್ರಮಕ್ಕೇ ಒಲವು ತೋರಿದ್ದುಂಟು, ಯಾವ ಕ್ರಮದಲ್ಲಿ ಓದಿದರೂ ದೊಡ್ಡ ವ್ಯತ್ಯಾಸವಿಲ್ಲ ಎಂದೂ ಅದೇ ಪತ್ರದಲ್ಲಿದೆ.

ಆದರೂ ಮೊದಲ ಓದಿಗೆ "ದಿ ಲಯನ್, ದಿ ವಿಚ್..." ಇಂದಲೇ ಶುರು ಮಾಡಿ. ಏಳನೇ ಅಧ್ಯಾಯದಲ್ಲಿ ಬೀವರ್ ಎಂಬ ಮಾತಾಡುವ ಪ್ರಾಣಿ ಮೊದಲ ಸಲ ಅಸ್ಲಾನ್ ಎಂಬ ಹೆಸರನ್ನು ಪಿಸುಗುಡುತ್ತದೆ. ಆಗ ಕಥೆಗಾರ ಓದುಗರ ಕಡೆ ತಿರುಗಿ, ಅಸ್ಲಾನ್ ಯಾರೆಂದು ನಿಮಗೆ ಎಷ್ಟು ಗೊತ್ತೋ ಆ ಮಕ್ಕಳಿಗೂ ಅಷ್ಟೇ ಗೊತ್ತಿತ್ತು ಎನ್ನುತ್ತಾನೆ. ಹೆಸರು ಕಿವಿಗೆ ಬಿದ್ದದ್ದೇ ತಡ, ನಾಲ್ವರ ಮೈಯಲ್ಲೂ ನಾಲ್ಕು ಬಗೆಯ ಭಾವ ಏಳುತ್ತದೆ. "ಮ್ಯಾಜಿಷಿಯನ್ಸ್ ನೆಫ್ಯೂ" ಓದಿಬಂದ ಮಗುವಿಗೆ ಅಸ್ಲಾನ್ ಯಾರೆಂದು ಆಗಲೇ ಗೊತ್ತಿರುತ್ತದೆ, ಆ ಸಾಲು ಸುಳ್ಳಾಗುತ್ತದೆ. ಕಾಡಿನ ನಡುವೆ ದೀಪದ ಕಂಬ ಯಾಕಿದೆ ಎಂಬ ಕುತೂಹಲವೂ ಹಾಳಾಗುತ್ತದೆ. ಹಾಗಾಗಿ ಪ್ರಕಟವಾದ ಕ್ರಮವನ್ನೇ ಹಿಡಿಯಿರಿ: "ಲಯನ್", "ಪ್ರಿನ್ಸ್ ಕ್ಯಾಸ್ಪಿಯನ್", "ವಾಯೇಜ್ ಆಫ್ ದಿ ಡಾನ್ ಟ್ರೆಡರ್", "ಸಿಲ್ವರ್ ಚೇರ್", "ಹಾರ್ಸ್ ಅಂಡ್ ಹಿಸ್ ಬಾಯ್", "ಮ್ಯಾಜಿಷಿಯನ್ಸ್ ನೆಫ್ಯೂ", "ಲಾಸ್ಟ್ ಬ್ಯಾಟಲ್".

ಪ್ರತಿ ಕೊಳ್ಳುವಾಗ ಪರಿವಿಡಿ ಎಣಿಸಿ. ಪೂರ್ತಿ ಪುಸ್ತಕದಲ್ಲಿ 17 ಅಧ್ಯಾಯಗಳಿವೆ. ಅದಕ್ಕಿಂತ ಕಡಿಮೆಯಿದ್ದರೆ, ಅಥವಾ ರಕ್ಷಾಪುಟದಲ್ಲಿ ಸಿನಿಮಾದ ಫೋಟೊ ಇದ್ದು ಒಳಗೆ ಅರವತ್ತೇ ಪುಟಗಳಿದ್ದರೆ, ಅದು ಸಂಕ್ಷಿಪ್ತ ರೂಪ. ಪಾಲಿನ್ ಬೇನ್ಸ್ ಬಿಡಿಸಿದ ಕಪ್ಪುಬಿಳುಪು ಚಿತ್ರಗಳಿರುವ ಪ್ರತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಅಮೆರಿಕದಲ್ಲಿರುವ ನೆಂಟರು ತಮ್ಮ ಮನೆಯ ಹಳೆಯ ಪ್ರತಿ ಕಳಿಸಿದ್ದರೆ ಒಂದು ಗೊಂದಲ ಆಗಬಹುದು. ಮಾಟಗಾತಿಯ ತೋಳದ ಹೆಸರು ಬ್ರಿಟಿಷ್ ಪ್ರತಿಗಳಲ್ಲಿ ಮೌಗ್ರಿಮ್, ಹಳೆಯ ಅಮೆರಿಕನ್ ಪ್ರತಿಗಳಲ್ಲಿ ಫೆನ್ರಿಸ್ ಉಲ್ಫ್. ಎರಡೂ ಒಂದೇ ತೋಳ, ಲೂಯಿಸ್ ಅವರೇ ಬದಲಿಸಿದ್ದು.

ಹಂತ 3: ನೀವು ಮುಂಚೆ ಓದಿ

ಗಟ್ಟಿಯಾಗಿ ಓದಿದರೆ ಇಡೀ ಪುಸ್ತಕ ನಾಲ್ಕೂವರೆ ಗಂಟೆಯೊಳಗೆ ಮುಗಿಯುತ್ತದೆ. ಮನಸ್ಸಿನಲ್ಲಿ ಓದಿದರೆ ಒಂದು ಭಾನುವಾರ ಸಾಕು. ಪೂರ್ತಿ ಓದಲು ಪುರಸೊತ್ತಿಲ್ಲವೆಂದರೆ 4, 9, 13, 14, 15 ಈ ಐದು ಅಧ್ಯಾಯಗಳನ್ನಾದರೂ ಬಿಡಬೇಡಿ. ನಾಲ್ಕರಲ್ಲಿ ಎಡ್ಮಂಡ್ ಮಾಟಗಾತಿಯ ತಿಂಡಿಗೆ ಮರುಳಾಗುತ್ತಾನೆ. ಒಂಬತ್ತರಲ್ಲಿ ಕಲ್ಲಾಗಿಹೋದ ಪ್ರಾಣಿಗಳ ಅಂಗಳವಿದೆ. ಹದಿಮೂರರಲ್ಲಿ ಎಡ್ಮಂಡನನ್ನು ಮರಕ್ಕೆ ಕಟ್ಟಿ ಚಾಕು ಮಸೆಯುವ ಸದ್ದು ಕೇಳಿಸುತ್ತದೆ, ಮಕ್ಕಳು ನಿಜವಾಗಿ ಹೆದರುವುದು ಅಲ್ಲಿ. ಉಳಿದೆರಡರ ವಿಷಯ ಮುಂದೆ ಬರುತ್ತದೆ.

ಓದುವಾಗ ಮಗುವಿಗೆ ಗೊತ್ತಿರಲಾರದ ವಸ್ತುಗಳನ್ನು ಗುರುತು ಹಾಕಿಕೊಳ್ಳಿ. ಕರ್ನಾಟಕದಲ್ಲಿ ಬೆಳೆದ ಮಗುವಿಗೆ ಮುಖ್ಯವಾಗಿ ಬೇಕಾಗುವವು ಇವು:

ವಾರ್ಡ್‌ರೋಬ್ ಎಂದರೆ ಮರದ ದೊಡ್ಡ ಬಟ್ಟೆ ಬೀರು, ಒಳಗೆ ಮನುಷ್ಯ ನಿಲ್ಲುವಷ್ಟು ಎತ್ತರ. ನಮ್ಮ ಮನೆಗಳ ಸ್ಟೀಲ್ ಬೀರುವಿಗೆ ಒಳಗಿನಿಂದ ಚಿಲಕ ತೆಗೆಯಲು ಬರುವುದಿಲ್ಲ, ಗಾಳಿಯೂ ಆಡುವುದಿಲ್ಲ. ಬೀರುವಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ದಡ್ಡತನ ಎಂದು ಪುಸ್ತಕವೇ ಮತ್ತೆ ಮತ್ತೆ ಹೇಳುತ್ತದೆ. ಆ ಸಾಲು ಬಂದಾಗ ಓದು ನಿಲ್ಲಿಸಿ ನೀವೂ ಖಡಾಖಂಡಿತವಾಗಿ ಹೇಳಿ. ನಾರ್ನಿಯಾ ಹುಡುಕಿಕೊಂಡು ಬೀರುವಿಗೆ ಇಳಿಯುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ.

ಫಾನ್ ಎಂದರೆ ಸೊಂಟದ ಮೇಲೆ ಮನುಷ್ಯ, ಕೆಳಗೆ ಮೇಕೆ ಕಾಲು. ಬೀವರ್ ನಿಜವಾದ ಪ್ರಾಣಿ, ಮರ ಕಡಿದು ಹೊಳೆಗೆ ಒಡ್ಡು ಕಟ್ಟುತ್ತದೆ. ಟರ್ಕಿಷ್ ಡಿಲೈಟ್ ಎಂದರೆ ಗುಲಾಬಿ ಪರಿಮಳದ, ಸಕ್ಕರೆ ಪುಡಿ ಉದುರಿಸಿದ ಮೆತ್ತನೆಯ ಮಿಠಾಯಿ. ಕಾರ್ನ್‌ಫ್ಲೋರಿನ ಬಾಂಬೆ ಹಲ್ವಾ ಒಂದು ತುಂಡು ಕೈಗಿಟ್ಟರೆ ಹತ್ತಿರ ಹತ್ತಿರ ಗೊತ್ತಾಗುತ್ತದೆ. ಒಂದು ಮಿಠಾಯಿಗಾಗಿ ಅಣ್ಣ, ಅಕ್ಕ, ತಂಗಿಯರನ್ನು ಹಿಡಿದುಕೊಡುತ್ತಾರೆಯೇ ಎಂದು ಮಗು ಕೇಳಿದರೆ, ಕಥೆ ನಡೆಯುವುದು ಎರಡನೇ ಮಹಾಯುದ್ಧದ ಕಾಲದಲ್ಲಿ ಎಂದು ಹೇಳಿ. ಬಾಂಬ್ ದಾಳಿಗೆ ಹೆದರಿ ಲಂಡನ್ನಿನ ಮಕ್ಕಳನ್ನು ಹಳ್ಳಿಗೆ ಕಳಿಸಿದ್ದರು, ಸಿಹಿತಿಂಡಿ ರೇಷನ್ನಿನಲ್ಲಿತ್ತು. ಪುಸ್ತಕ ಬಂದ 1950ರಲ್ಲೂ ಆ ರೇಷನ್ ಮುಗಿದಿರಲಿಲ್ಲ.

ಇನ್ನೊಂದು, ಸಣ್ಣದೆಂದು ತೋರಿದರೂ ಕಥೆಯ ಕೀಲಿಯೇ ಅದು. ನಾರ್ನಿಯಾದಲ್ಲಿ ಯಾವಾಗಲೂ ಚಳಿಗಾಲ, ಆದರೆ ಕ್ರಿಸ್‌ಮಸ್ ಮಾತ್ರ ಬರುವುದೇ ಇಲ್ಲ. ನಮ್ಮಲ್ಲಿ ಡಿಸೆಂಬರ್ ಎಂದರೆ ಹಿತವಾದ ತಿಂಗಳು, ಮಕ್ಕಳಿಗೆ ಇದರ ಕ್ರೌರ್ಯ ತಟ್ಟುವುದಿಲ್ಲ. ಇಂಗ್ಲೆಂಡಿನಲ್ಲಿ ಆಗ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಮರದಲ್ಲಿ ಒಂದು ಎಲೆಯಿಲ್ಲ, ಆ ಕತ್ತಲೆಯ ನಡುವೆ ಇರುವ ಒಂದೇ ಬೆಳಕಿನ ಹಬ್ಬ ಕ್ರಿಸ್‌ಮಸ್ ಎಂದು ಮೊದಲೇ ಹೇಳಿಟ್ಟಿರಿ.

ಹಂತ 4: ಮಾಟಮಂತ್ರದ ಪ್ರಶ್ನೆ

ಧರ್ಮೋಪದೇಶಕಾಂಡ 18ನೇ ಅಧ್ಯಾಯ ಮಾಟಮಂತ್ರ, ಕಣಿ ಹೇಳುವುದನ್ನು ಖಂಡಿತವಾಗಿ ನಿಷೇಧಿಸುತ್ತದೆ. ಅದನ್ನು ನಂಬಿ ನಡೆಯುವ ಮನೆಯವರು ಈ ಪ್ರಶ್ನೆ ಕೇಳುವುದು ಸರಿಯೇ. ಯಾರಾದರೂ "ಅದೆಲ್ಲ ಬರೀ ಕಥೆ" ಎಂದು ತಳ್ಳಿಹಾಕಿದರೆ ಒಪ್ಪಬೇಡಿ. ಯಾವ ಫ್ಯಾಂಟಸಿ ಪುಸ್ತಕವನ್ನಾದರೂ ಮೂರು ಪ್ರಶ್ನೆಗಳಿಂದ ತೂಗಿ ನೋಡಿ.

ಒಂದು, ಆ ಶಕ್ತಿ ಯಾರದು, ಎಲ್ಲಿಂದ ಬಂತು? ಎರಡು, ಮಗು ಮನೆಯಲ್ಲಿ ಕೂತು ಅನುಕರಿಸುವಂಥ ವಿಧಿ, ಮಂತ್ರದ ಮಾತು ಅದರಲ್ಲಿದೆಯೇ? ಮೂರು, ಮಾಟ ಮಾಡಿದವರಿಗೆ ಕಥೆಯಲ್ಲಿ ಏನಾಗುತ್ತದೆ?

"ಲಯನ್" ಈ ಮೂರರಲ್ಲೂ ನಿಲ್ಲುತ್ತದೆ. ಮಾಟ ಮಾಡುವವಳು ಶತ್ರು, ಅವಳ ಮಾಟದ ಫಲ ಕಲ್ಲು ಮತ್ತು ಹಿಮ. ನಾಲ್ವರು ಮಕ್ಕಳಲ್ಲಿ ಯಾರೂ ಮಂತ್ರ ಕಲಿಯುವುದಿಲ್ಲ. ‘ಡೀಪ್ ಮ್ಯಾಜಿಕ್’ ಎಂಬ ಪದ ನೋಡಿ ಗಾಬರಿಯಾಗಬೇಡಿ. ಅದು ಮಂತ್ರವಿದ್ಯೆಯಲ್ಲ, ಲೋಕ ಉಂಟಾದಾಗಲೇ ಬರೆದಿಟ್ಟ ಧರ್ಮಶಾಸನ. ಮನೆಯಲ್ಲಿ ಓದುವಾಗ ಅದನ್ನು "ಆಳದ ನಿಯಮ" ಎಂದು ಕನ್ನಡಿಸಿಕೊಂಡರೆ ಗೊಂದಲ ತಪ್ಪುತ್ತದೆ.

ಮುಂದಿನ ಪುಸ್ತಕಗಳಲ್ಲಿ ತಡೆದು ಮಾತಾಡಬೇಕಾದ ಜಾಗಗಳಿವೆ. "ಡಾನ್ ಟ್ರೆಡರ್"ನ ಹತ್ತನೇ ಅಧ್ಯಾಯದಲ್ಲಿ ಲೂಸಿ ಮಾಂತ್ರಿಕನ ಪುಸ್ತಕ ತೆರೆದು, ಗೆಳತಿಯರು ತನ್ನ ಬಗ್ಗೆ ಏನು ಮಾತಾಡುತ್ತಾರೆ ಎಂದು ಕದ್ದು ಕೇಳುವ ಮಂತ್ರ ಓದುತ್ತಾಳೆ. ಕೇಳಿಸಿಕೊಂಡದ್ದರಿಂದ ಆ ಗೆಳೆತನವೇ ಮುರಿದುಬೀಳುತ್ತದೆ. ಮೂರನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. "ಪ್ರಿನ್ಸ್ ಕ್ಯಾಸ್ಪಿಯನ್"ನಲ್ಲಿ ಬಾಕಸ್ ಎಂಬ ಗ್ರೀಕರ ದೇವತೆ ಅಸ್ಲಾನನ ಹಿಂದೆ ಕುಣಿಯುತ್ತಾ ಬರುತ್ತಾನೆ. ಅಸ್ಲಾನ್ ಜೊತೆಗಿರದಿದ್ದರೆ ಅವನ ಹತ್ತಿರ ಇರುವುದು ಸುರಕ್ಷಿತವಲ್ಲ ಎಂದು ಹುಡುಗಿಯರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅಷ್ಟನ್ನು ಎತ್ತಿ ತೋರಿಸಿದರೆ ಸಾಕು.

ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಬಲವಂತ ಬೇಡ. ಎಸ್. ಡಿ. ಸ್ಮಿತ್ ಅವರ "ದಿ ಗ್ರೀನ್ ಎಂಬರ್" ಓದಿಸಿ. ಕತ್ತಿ ಹಿಡಿದ ಮೊಲಗಳ ಸಾಹಸ ಅದು, ಮಾಟದ ಸೋಂಕೇ ಇಲ್ಲ. ಕದನಗಳು ಮಾತ್ರ ಬೇಕಾದಷ್ಟಿವೆ.

ಹಂತ 5: ದಿನದ ಓದು

ದಿನಕ್ಕೊಂದು ಅಧ್ಯಾಯ. ಒಂದೊಂದೂ ಸರಾಸರಿ 15 ನಿಮಿಷದ್ದು, ನಡುವೆ ಮಾತುಕತೆ ಸೇರಿ 25ರಿಂದ 30 ನಿಮಿಷ. ರಾತ್ರಿ ಊಟವಾದ ಮೇಲೆ, ಕುಟುಂಬ ಪ್ರಾರ್ಥನೆಗಿಂತ ಬೇರೆಯಾಗಿ ಇಟ್ಟುಕೊಳ್ಳಿ. ಪ್ರಾರ್ಥನೆಯ ಹೊತ್ತಿಗೆ ಇದನ್ನು ಸೇರಿಸಿದರೆ ಮಗು ಇದನ್ನೂ ಪಾಠವೆಂದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂರುತ್ತದೆ, ಕಥೆ ಒಳಗಿಳಿಯುವುದಿಲ್ಲ.

ಇಂಗ್ಲಿಷ್ ಮೀಡಿಯಂ ಮಗುವಾದರೆ ಓದುವ ಮುಂಚೆ ಆ ಅಧ್ಯಾಯದ ನಾಲ್ಕೈದು ಹೊಸ ಪದಗಳನ್ನು ಕನ್ನಡದಲ್ಲಿ ಹೇಳಿ, ಆಮೇಲೆ ತಡೆಯದೆ ಓದಿ. ಸಾಲಿಗೊಂದು ಸಲ ನಿಲ್ಲಿಸಿ ಅನುವಾದ ಮಾಡುತ್ತಾ ಹೋದರೆ ಕಥೆಯ ಓಟ ಸತ್ತುಹೋಗುತ್ತದೆ. ಕನ್ನಡ ಮೀಡಿಯಂ ಮಗುವಾದರೆ ಅಧ್ಯಾಯವನ್ನು ಹಿಂದಿನ ದಿನವೇ ಓದಿಕೊಂಡು, ಪುಸ್ತಕ ಮುಚ್ಚಿಟ್ಟು, ನಿಮ್ಮ ಮನೆಮಾತಿನಲ್ಲೇ ಹೇಳಿ. ಮಂಗಳೂರು ಕನ್ನಡವೋ ಧಾರವಾಡ ಕನ್ನಡವೋ, ನೀವು ದಿನಾ ಆಡುವುದೇ ಇರಲಿ. ಬೀವರ್ ದಂಪತಿ ಮಾತಾಡುವಾಗ "ಬನ್ನಿ ಮಕ್ಕಳೇ, ಮೀನು ಹುರಿದದ್ದು ಆರಿಹೋಗ್ತದೆ" ಎಂದು ಹೇಳಿದರೆ ಮಕ್ಕಳ ಕಣ್ಣಿಗೆ ಆ ಅಡುಗೆಮನೆ ಕಟ್ಟಿಬಿಡುತ್ತದೆ. ಗ್ರಾಂಥಿಕ ಕನ್ನಡದಲ್ಲಿ ಹೇಳಹೋಗಬೇಡಿ. ಹೆಸರುಗಳನ್ನು ಮಾತ್ರ ಬದಲಿಸಬೇಡಿ, ಮುಂದೆ ಮಗು ಪುಸ್ತಕವನ್ನೇ ಓದುವಾಗ ಗುರುತು ಸಿಗಬೇಕು.

2005ರ ಸಿನಿಮಾ ತೋರಿಸುವುದಿದ್ದರೆ ಪುಸ್ತಕ ಮುಗಿದ ಮೇಲೆ. ಮೊದಲೇ ನೋಡಿದ ಮಗು ಓದುವಾಗ ತನ್ನ ಕಣ್ಣಿನ ಸಿಂಹವನ್ನು ಕಾಣುವುದಿಲ್ಲ, ಪರದೆಯ ಸಿಂಹವನ್ನೇ ಕಾಣುತ್ತದೆ.

ಹಂತ 6: 14, 15ನೇ ಅಧ್ಯಾಯಗಳನ್ನು ಒಂದೇ ದಿನ ಓದಿ

ದಿನಕ್ಕೊಂದು ಅಧ್ಯಾಯ ಎಂಬ ನಿಯಮವನ್ನು ಇಲ್ಲಿ ಮುರಿಯಲೇಬೇಕು. ಹದಿನಾಲ್ಕರಲ್ಲಿ ಅಸ್ಲಾನ್ ಎಡ್ಮಂಡನ ಬದಲಿಗೆ ಮಾಟಗಾತಿಯ ಕೈಯಲ್ಲಿ ಸಾಯುತ್ತಾನೆ. ಅಲ್ಲಿಗೆ ನಿಲ್ಲಿಸಿ ದೀಪ ಆರಿಸಿದರೆ ಮೆದು ಮನಸ್ಸಿನ ಮಗು ಆ ರಾತ್ರಿ ಮಲಗುವುದಿಲ್ಲ. ಒಂದು ಗಂಟೆ ಬಿಡುವಿರುವ ದಿನ, ಸಾಧ್ಯವಾದರೆ ಹಗಲಿನಲ್ಲಿ, ಎರಡನ್ನೂ ಒಟ್ಟಿಗೆ ಓದಿ.

ನಡೆಯುವುದು ಇಷ್ಟು. ರಾತ್ರಿ ಅಸ್ಲಾನ್ ತಲೆ ತಗ್ಗಿಸಿ ಒಬ್ಬನೇ ನಡೆದು ಹೋಗುತ್ತಾನೆ. ನಿದ್ದೆ ಬಾರದ ಸೂಸನ್ ಮತ್ತು ಲೂಸಿ ಹಿಂಬಾಲಿಸುತ್ತಾರೆ. ನಿಮ್ಮ ಕೈಗಳನ್ನು ನನ್ನ ಕೇಸರದ ಮೇಲಿಡಿ, ನೀವು ಜೊತೆಗಿರುವುದು ನನಗೆ ತಿಳಿಯಲಿ ಎಂದು ಅವನು ಕೇಳಿಕೊಳ್ಳುತ್ತಾನೆ. ಆಮೇಲೆ ಕಲ್ಲಿನ ಮೇಜು. ಮಾಟಗಾತಿಯ ಕಡೆಯವರು ಅವನನ್ನು ಕಟ್ಟುತ್ತಾರೆ, ಕೇಸರ ಬೋಳಿಸುತ್ತಾರೆ, ಬಾಯಿಗೆ ಕುಕ್ಕೆ ಹಾಕುತ್ತಾರೆ, ಬೆಕ್ಕು ಎಂದು ಹೀಯಾಳಿಸುತ್ತಾರೆ. ಒಂದು ಪಂಜ ಎತ್ತಿದ್ದರೆ ಎಲ್ಲರೂ ನೆಲಕಚ್ಚುತ್ತಿದ್ದರು, ಅವನು ಎತ್ತುವುದಿಲ್ಲ. ಚಾಕು ಇಳಿಯುವ ಕ್ಷಣವನ್ನು ಲೂಯಿಸ್ ವರ್ಣಿಸುವುದಿಲ್ಲ. ಹುಡುಗಿಯರು ಕಣ್ಣು ಮುಚ್ಚಿಕೊಂಡಿರುತ್ತಾರೆ, ಓದುಗರಿಗೂ ಅದು ಕಾಣುವುದಿಲ್ಲ. ರಕ್ತ, ಗಾಯ ಬೇಡವೆನ್ನುವ ತಂದೆತಾಯಂದಿರಿಗೆ ಇದು ತಿಳಿದಿರಲಿ.

ಹದಿನೈದರಲ್ಲಿ ಹುಡುಗಿಯರು ಅತ್ತು ಅತ್ತು ಕಣ್ಣೀರು ಬತ್ತಿ ಕೂತಿರುತ್ತಾರೆ. ಪುಟ್ಟ ಇಲಿಗಳು ಬಂದು ಹಗ್ಗ ಕಡಿಯುತ್ತವೆ. ಬೆಳಗಾಗುತ್ತದೆ, ಕಲ್ಲಿನ ಮೇಜು ಎರಡಾಗಿ ಒಡೆದ ಸದ್ದು, ತಿರುಗಿ ನೋಡಿದರೆ ಅಸ್ಲಾನ್ ಜೀವಂತ ನಿಂತಿದ್ದಾನೆ.

ಇಲ್ಲಿ ನೀವು ಮಾಡಬೇಕಾದ ಕೆಲಸ ಒಂದೇ, ಸುಮ್ಮನಿರುವುದು. "ಇದು ಯಾರ ಹಾಗಿದೆ ಹೇಳು ನೋಡೋಣ?" ಎಂದು ಆ ಗಳಿಗೆಯಲ್ಲಿ ಕೇಳಬೇಡಿ. ಕೇಳಿದರೆ ಮಗು "ಯೇಸುಸ್ವಾಮಿ" ಎಂದು ಉತ್ತರ ಕೊಟ್ಟುಬಿಡುತ್ತದೆ, ಸಂಡೇ ಸ್ಕೂಲಿನಲ್ಲಿ ಯಾವ ಪ್ರಶ್ನೆಗೂ ಅದೇ ಉತ್ತರ ಎಂದು ಅದಕ್ಕೆ ಗೊತ್ತು. ಸುಮ್ಮನಿದ್ದರೆ ಎರಡು ದಿನ ಬಿಟ್ಟೋ, ಶುಭ ಶುಕ್ರವಾರದ ಆರಾಧನೆಯಲ್ಲೋ, ತಾನೇ ನಿಮ್ಮ ಕೈ ಜಗ್ಗಿ ಹೇಳುತ್ತದೆ. ಆ ಎರಡು ಉತ್ತರಗಳಲ್ಲಿ ಪದ ಒಂದೇ ಇದ್ದರೂ ತೂಕ ಬೇರೆ.

ಹಂತ 7: ಮಾತುಕತೆ, ಆಮೇಲೆ ಬೈಬಲ್

ಪುಸ್ತಕ ಮುಗಿದ ಮೇಲೆ ಒಂದು ವಾರ ಬಿಟ್ಟು ಮಾತಿಗೆ ಕೂರಿ. ಹೌದು-ಇಲ್ಲ ಎನ್ನುವ ಪ್ರಶ್ನೆ ಬೇಡ. "ಎಡ್ಮಂಡ್ ಮೇಲೆ ನಿನಗೆ ಎಲ್ಲಿಂದ ಕನಿಕರ ಶುರುವಾಯಿತು?" "ನೀನು ಅಲ್ಲಿದ್ದಿದ್ದರೆ ಕೇಸರದ ಮೇಲೆ ಕೈ ಇಡುತ್ತಿದ್ದೆಯಾ, ಹೆದರುತ್ತಿದ್ದೆಯಾ?" ಹೀಗೆ ಕಥೆಯೊಳಗಿನಿಂದ ಕೇಳಿ.

ಬಳಿಕ ಬೈಬಲ್ ತೆಗೆದು ಒಟ್ಟಿಗೆ ಓದಿ: ಮೌನವಾಗಿ ಹೀಯಾಳಿಕೆ ತಾಳಿದ್ದಕ್ಕೆ ಯೆಶಾಯ 53:7 ಮತ್ತು ಮಾರ್ಕ 15:16ರಿಂದ 20, ಬೆಳಗಿನ ಜಾವದ ಸ್ತ್ರೀಯರಿಗೆ ಲೂಕ 24ರ ಮೊದಲ ಭಾಗ, ಕಲ್ಲಾದವರ ಮೇಲೆ ಅಸ್ಲಾನ್ ಉಸಿರೂದಿ ಬದುಕಿಸುವುದಕ್ಕೆ ಯೆಹೆಜ್ಕೇಲ 37 ಮತ್ತು ಯೋಹಾನ 20:22. ಒಂದು ಸಲಕ್ಕೆ ಒಂದೇ ಭಾಗ ಸಾಕು.

ಇಲ್ಲಿ ಎರಡು ತಪ್ಪುಗಳು ಆಗಾಗ ಆಗುತ್ತವೆ. ಮೊದಲನೆಯದು, ಪ್ರತಿ ಪಾತ್ರಕ್ಕೂ ಬೈಬಲಿನ ಜೋಡಿ ಹುಡುಕುವುದು. ಬೀವರ್ ಯಾರು, ದೀಪದ ಕಂಬ ಏನು? ಅವು ಏನೂ ಅಲ್ಲ, ಬೀವರ್ ಮತ್ತು ದೀಪದ ಕಂಬ ಅಷ್ಟೇ. ಹಾಗೆ ಒಂದಕ್ಕೊಂದು ಹೊಂದಿಸಿ ಬರೆದ ಕಥೆಯನ್ನು ರೂಪಕಕಥೆ ಎನ್ನುತ್ತಾರೆ. 1678ರಲ್ಲಿ ಬಂದ ಜಾನ್ ಬನ್ಯನ್ನರ ಯಾತ್ರಿಕನ ಕಥೆ ಅಂಥದ್ದು. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು "ಯಾತ್ರಿಕನ ಸಂಚಾರ" ಎಂದು ಅದನ್ನು ಕನ್ನಡಕ್ಕೆ ತಂದರು, ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು. ಅಲ್ಲಿ ಪಾತ್ರದ ಹೆಸರೇ ಅದರ ಅರ್ಥ. ಲೂಯಿಸ್ ತಮ್ಮದು ರೂಪಕಕಥೆ ಅಲ್ಲವೆಂದರು. ನಾರ್ನಿಯಾದಂಥ ಲೋಕವೊಂದಿದ್ದು, ದೇವಕುಮಾರನು ಇಲ್ಲಿ ಮನುಷ್ಯನಾದಂತೆ ಅಲ್ಲಿ ಸಿಂಹವಾಗಿ ಬಂದಿದ್ದರೆ ಏನಾಗುತ್ತಿತ್ತು? ತಾವು ಕಲ್ಪಿಸಿದ್ದು ಅದನ್ನು ಎಂದು ವಿವರಿಸಿದ್ದಾರೆ.

ಎರಡನೆಯದು ಹೆಚ್ಚು ಮುಖ್ಯ. ಕಥೆ ಸುವಾರ್ತೆಗೆ ಸರಿಹೊಂದದ ಜಾಗವನ್ನು ಮುಚ್ಚಿಡಬೇಡಿ. ಅಸ್ಲಾನ್ ಸಾಯುವುದು ಎಡ್ಮಂಡ್ ಒಬ್ಬನಿಗಾಗಿ, ಅದೂ ಮಾಟಗಾತಿಯ ಜೊತೆ ಮಾಡಿಕೊಂಡ ಒಪ್ಪಂದದಂತೆ. ಇದನ್ನೇ ಹಿಡಿದು ಮಗು "ಯೇಸುಸ್ವಾಮಿ ಸೈತಾನನಿಗೆ ಬೆಲೆ ಕಟ್ಟಿದರು" ಎಂದು ತಿಳಿದುಕೊಳ್ಳಬಹುದು. ಕಥೆಯಲ್ಲಿ ಹೀಗಿದೆ, ಬೈಬಲಿನಲ್ಲಿ ಹೀಗಿದೆ ಎಂದು ಬೇರೆ ಬೇರೆಯಾಗಿ ಹೇಳಿ, ಸಂದೇಹವಿದ್ದರೆ ಸಭಾಪಾಲಕರನ್ನೋ ಗುರುಗಳನ್ನೋ ಕೇಳಿ.

ಇನ್ನೊಂದು ಜಾಗ ಹಿರಿಯರು ತಮಗಾಗಿ ಓದಿಕೊಳ್ಳಬೇಕಾದದ್ದು. ಹದಿಮೂರನೇ ಅಧ್ಯಾಯದಲ್ಲಿ ಅಸ್ಲಾನ್, ತಪ್ಪು ಮಾಡಿ ಬಂದ ಎಡ್ಮಂಡನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡುತ್ತಾನೆ. ಏನು ಮಾತಾಡಿದರೆಂದು ಯಾರಿಗೂ ಕೇಳಿಸುವುದಿಲ್ಲ, ಲೂಯಿಸ್ ನಮಗೂ ಹೇಳುವುದಿಲ್ಲ. ಮರಳಿ ಬಂದ ಮೇಲೆ, ಆದದ್ದನ್ನು ಇವನ ಹತ್ತಿರ ಎತ್ತುವ ಅಗತ್ಯವಿಲ್ಲ ಎಂದು ಅಸ್ಲಾನ್ ಉಳಿದ ಮಕ್ಕಳಿಗೆ ತಿಳಿಸುತ್ತಾನೆ. ಮಗು ಯಾವುದೋ ಪಾತ್ರದ ತಪ್ಪಿನಲ್ಲಿ ತನ್ನ ತಪ್ಪು ಗುರುತಿಸಿ ಸಪ್ಪಗಾದರೆ, ಎಲ್ಲರೆದುರು ಅದನ್ನು ಬಿಡಿಸಿ ಕೇಳಬೇಡಿ.

ಹಂತ 8: ಮುಂದಿನ ಪುಸ್ತಕಗಳು

"ಪ್ರಿನ್ಸ್ ಕ್ಯಾಸ್ಪಿಯನ್"ನಲ್ಲಿ 4ರಿಂದ 7ನೇ ಅಧ್ಯಾಯದವರೆಗೆ ಕುಳ್ಳನೊಬ್ಬ ಹಿಂದಿನ ಕಥೆ ಹೇಳುತ್ತಾನೆ, ನಾಲ್ವರು ಮಕ್ಕಳು ಕಾಣುವುದೇ ಇಲ್ಲ. ಬಹಳ ಓದುಗರು ಅಲ್ಲಿ ಬಿಟ್ಟುಬಿಡುತ್ತಾರೆ. ಆ ನಾಲ್ಕನ್ನು ಎರಡೇ ದಿನದಲ್ಲಿ ದಾಟಿಸಿ.

"ಡಾನ್ ಟ್ರೆಡರ್" ಹತ್ತು ವರ್ಷದವರಿಗೆ ಅತ್ಯುತ್ತಮ. 6, 7ನೇ ಅಧ್ಯಾಯಗಳಲ್ಲಿ ಯೂಸ್ಟೇಸ್ ಎಂಬ ಸಿಡುಕ ಹುಡುಗ ಡ್ರ್ಯಾಗನ್ನಿನ ನಿಧಿಯ ಮೇಲೆ ದುರಾಸೆಯಿಂದ ಮಲಗಿ ತಾನೇ ಡ್ರ್ಯಾಗನ್ ಆಗಿ ಏಳುತ್ತಾನೆ. ತೋಳಿಗೆ ಹಾಕಿಕೊಂಡ ಚಿನ್ನದ ಬಳೆ ಊದಿದ ಕಾಲಿಗೆ ಕಚ್ಚಿಕೊಂಡು ನೋಯುತ್ತದೆ. ಮೂರು ಸಲ ತಾನೇ ಚರ್ಮ ಸುಲಿದುಕೊಂಡರೂ ಅಡಿಯಲ್ಲಿ ಅದೇ ಚರ್ಮ. ಕೊನೆಗೆ ಸಿಂಹ ತನ್ನ ಉಗುರಿನಿಂದ ಆಳಕ್ಕೆ ಸೀಳಿ, ಅವನನ್ನು ನೀರಿಗೆ ಹಾಕುತ್ತದೆ. ಯೆಹೆಜ್ಕೇಲ 36:26ನ್ನೂ 2 ಕೊರಿಂಥ 5:17ನ್ನೂ ಬಾಯಿಪಾಠ ಮಾಡಿದ ಮಗುವಿಗೆ ಅವುಗಳ ಉರಿ ಗೊತ್ತಾಗುವುದು ಇಲ್ಲಿ.

"ಹಾರ್ಸ್ ಅಂಡ್ ಹಿಸ್ ಬಾಯ್" ಓದಿಸುವಾಗ ಎಚ್ಚರ ಬೇಕು. ಅದರಲ್ಲಿ ಕಪ್ಪು ಮೈಬಣ್ಣದ, ಪೇಟ ಸುತ್ತಿದ ಕ್ಯಾಲೊರ್ಮೆನ್ ಜನರನ್ನು ಬಹುಮಟ್ಟಿಗೆ ಕ್ರೂರರೆಂದು ಚಿತ್ರಿಸಿದೆ. ಪೂರ್ವದೇಶಗಳ ಬಗ್ಗೆ ಆ ಕಾಲದ ಇಂಗ್ಲೆಂಡಿನ ಪೂರ್ವಗ್ರಹ ಅದು, ನಮ್ಮ ಮಕ್ಕಳು ತಮ್ಮನ್ನೇ ಅಲ್ಲಿ ಕಂಡುಕೊಂಡು ಮುದುಡಬಾರದು. ಬಾಯಿಬಿಟ್ಟು ಹೇಳಿ. ಧೈರ್ಯವಂತೆ ಅರಾವಿಸ್ ಅದೇ ಜನದವಳು ಎಂಬುದನ್ನೂ ತೋರಿಸಿ.

"ಲಾಸ್ಟ್ ಬ್ಯಾಟಲ್"ಗೆ ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ಕಾರ್ನೆಗಿ ಪದಕ 1956ರ ಸಾಲಿಗೆ ಬಂತು. ಆದರೂ ಹನ್ನೊಂದು ತುಂಬುವವರೆಗೆ ತಡೆಯಿರಿ. ಸುಳ್ಳು ಅಸ್ಲಾನ್, ಲೋಕದ ಅಂತ್ಯ, ರೈಲು ಅಪಘಾತದಲ್ಲಿ ಸಾವು ಎಲ್ಲ ಇವೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಇನ್ನೂ ತಡೆಯಿರಿ.

ನಾರ್ನಿಯಾದ ಆಚೆ ಎರಡು ಹೆಸರು. ಸ್ಕಾಟ್ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅವರ "ದಿ ಪ್ರಿನ್ಸೆಸ್ ಅಂಡ್ ದಿ ಗಾಬ್ಲಿನ್" (1872) ಹಳೆಯ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎಂಟು ವರ್ಷದ ಐರೀನ್, ಕಣ್ಣಿಗೆ ಕಾಣದ ದಾರವೊಂದನ್ನು ಬೆರಳಲ್ಲಿ ಹಿಡಿದು ಕತ್ತಲ ಗಣಿಯೊಳಗೆ ನಡೆಯುತ್ತಾಳೆ. ಇಂಗ್ಲಿಷ್ ಹಳೆಯದು, ನೀವೇ ಓದಿ ಹೇಳಬೇಕು. ಆಂಡ್ರ್ಯೂ ಪೀಟರ್ಸನ್ ಅವರ "ವಿಂಗ್‌ಫೆದರ್ ಸಾಗಾ" 2008ರಿಂದ 2014ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂತು. ನಗು ಧಾರಾಳವಾಗಿದೆ, ಆದರೆ ಮಕ್ಕಳನ್ನು ಹೊತ್ತೊಯ್ಯುವ ಕಪ್ಪು ಗಾಡಿ ಇದೆ. ಹತ್ತರ ಮೇಲಿನವರಿಗೆ ಕೊಡಿ.

ಹಂತ 9: ಸಂಡೇ ಸ್ಕೂಲಿನಲ್ಲಿ ಮಾಡುವುದಾದರೆ

ವಾರಕ್ಕೊಂದು ಅಧ್ಯಾಯದಂತೆ "ಲಯನ್"ಗೆ ನಾಲ್ಕು ತಿಂಗಳು ಹಿಡಿಯುತ್ತದೆ. ಗರಿಗಳ ಭಾನುವಾರದಿಂದ ಹಿಂದಕ್ಕೆ 13 ವಾರ ಎಣಿಸಿ ಆ ದಿನ ಶುರು ಮಾಡಿ. ಸಾಮಾನ್ಯವಾಗಿ ಅದು ಡಿಸೆಂಬರ್ ಉತ್ತರಾರ್ಧಕ್ಕೋ ಜನವರಿಯ ಮೊದಲರ್ಧಕ್ಕೋ ಬೀಳುತ್ತದೆ. ಆಗ 14, 15ನೇ ಅಧ್ಯಾಯಗಳು ಗರಿಗಳ ಭಾನುವಾರದಂದೇ ಒಟ್ಟಿಗೆ ಬರುತ್ತವೆ, ಅದೇ ವಾರ ಮಕ್ಕಳು ಶುಭ ಶುಕ್ರವಾರಕ್ಕೂ ಈಸ್ಟರಿಗೂ ಹೋಗುತ್ತಾರೆ. ನೀವು ಬೇರೆ ವಿವರಣೆ ಕೊಡುವ ಅಗತ್ಯವೇ ಬೀಳುವುದಿಲ್ಲ. ರಜೆಯಲ್ಲಿ ನಡೆಸುವ ಐದು ದಿನದ ಬೈಬಲ್ ಶಾಲೆ, ಅಂದರೆ ವಿಬಿಎಸ್‌ಗೆ ಇಡೀ ಪುಸ್ತಕ ತುರುಕಬೇಡಿ, ಯೂಸ್ಟೇಸನ ಎರಡು ಅಧ್ಯಾಯ ಸಾಕು.

ಮಕ್ಕಳಿಗೆ ಹಂಚಲು ಕನ್ನಡದಲ್ಲಿ ಬರೆದುಕೊಳ್ಳಬಹುದೇ? ಲೂಯಿಸ್ ತೀರಿಕೊಂಡದ್ದು 1963ರ ನವೆಂಬರ್ 22ರಂದು. ಭಾರತದ ಕಾಪಿರೈಟ್ ಕಾಯ್ದೆಯಂತೆ ಲೇಖಕರು ತೀರಿಕೊಂಡ ವರ್ಷ ಕಳೆದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಆ ಲೆಕ್ಕದಲ್ಲಿ ಅವರ ಬರಹದ ಹಕ್ಕು ಇಲ್ಲಿ 2023ರ ಕೊನೆಗೆ ಮುಗಿದಿದೆ, ನಿಮ್ಮ ತರಗತಿಗಾಗಿ ಕನ್ನಡಿಸಿಕೊಳ್ಳಲು ಅಡ್ಡಿಯಿಲ್ಲ. ಬ್ರಿಟನ್ನಿನಲ್ಲಿ ಅವಧಿ 70 ವರ್ಷ, ಅಲ್ಲಿ ಹಕ್ಕು ಇನ್ನೂ ಜಾರಿಯಲ್ಲಿದೆ. ಹಾಗಾಗಿ ನಿಮ್ಮ ಕನ್ನಡ ಪಠ್ಯವನ್ನು ಅಂತರ್ಜಾಲಕ್ಕೆ ಏರಿಸಬೇಡಿ, ಕಾಗದದಲ್ಲೇ ಇರಲಿ. ಇತ್ತೀಚೆಗೆ ಬೇರೆಯವರು ಮಾಡಿದ ಅನುವಾದವನ್ನು ನಕಲು ಮಾಡುವಂತಿಲ್ಲ, ಅದರ ಹಕ್ಕು ಆ ಅನುವಾದಕರದು. ಪಾಲಿನ್ ಬೇನ್ಸ್ 2008ರವರೆಗೆ ಬದುಕಿದ್ದರಿಂದ ಅವರ ಚಿತ್ರಗಳನ್ನೂ ಝೆರಾಕ್ಸ್ ಮಾಡಿ ಹಂಚುವಂತಿಲ್ಲ. ಅದಕ್ಕೇ ಗೆರೆಯಿಲ್ಲದ ನೋಟ್‌ಬುಕ್ ಇಟ್ಟುಕೊಳ್ಳಿ ಎಂದದ್ದು. ಹಿಮದ ಕಾಡು, ದೀಪದ ಕಂಬ, ಒಡೆದ ಕಲ್ಲಿನ ಮೇಜು ಎಲ್ಲವನ್ನೂ ಮಕ್ಕಳೇ ಬಿಡಿಸಲಿ, ಅವನ್ನೇ ಸಾಲಾಗಿ ಗೋಡೆಗೆ ಅಂಟಿಸಿ.